ಟಿಕೆಟ್ ಕಮ್ಮಿ, ಜನ ಜಾಸ್ತಿ: ವಿದೇಶದ ಪ್ರೋಗ್ರಾಮಿಂಗ್ ಕಾನ್ಫರೆನ್ಸ್‌ಗೆ ಹೋಗುವುದು ಹೇಗೆ?

"ಟಿಕೆಟ್ ಬಿಟ್ಟ ಐದೇ ನಿಮಿಷಕ್ಕೆ ಖಾಲಿ ಆಗೋಯ್ತು, ಬೇರೆ ಏನಾದ್ರೂ ದಾರಿ ಇದ್ಯಾ?" ಓದುಗರಿಂದ ವರ್ಷವಿಡೀ ಬರುವ ಪ್ರಶ್ನೆ ಇದು. ಇದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಟಿಕೆಟ್ ಏನೋ ಸಿಕ್ಕಿತು, ವೀಸಾ ಬರಲಿಲ್ಲ. ದುಡ್ಡು ಹೋದ ಹಾಗೇನಾ?" ಎರಡಕ್ಕೂ ಸೇರಿಸಿ, ಶುರುವಿನಿಂದ ಕೊನೆವರೆಗೆ ಇಲ್ಲಿ ಬರೆದಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಟಿಕೆಟ್ ಮಾರಾಟದ ದಿನವೇ ದೊಡ್ಡ ಪರೀಕ್ಷೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅದು ಹತ್ತು ನಿಮಿಷದ ಕೆಲಸ. ಹೆಚ್ಚಿನವರ ಪ್ರಯಾಣ ಮುರಿದುಬೀಳುವುದು ಕೆಲಸಗಳು ಹಿಂದುಮುಂದಾದಾಗ: ವೀಸಾಗೆ ಎಷ್ಟು ದಿನ ಬೇಕು ಅಂತ ನೋಡದೆ ಟಿಕೆಟ್ ಕೊಂಡಾಗ, ವೀಸಾ ಕೈಗೆ ಬರುವ ಮೊದಲೇ ವಿಮಾನಕ್ಕೆ ದುಡ್ಡು ಕಟ್ಟಿದಾಗ. ಹಾಗಾಗಿ ಕೆಳಗಿನ ಹಂತಗಳನ್ನೆಲ್ಲ ಒಂದೇ ಲೆಕ್ಕದ ಮೇಲೆ ಜೋಡಿಸಿದ್ದೇನೆ. ವಾಪಸ್ ಬಾರದ ದುಡ್ಡನ್ನು ಎಲ್ಲಕ್ಕಿಂತ ಕೊನೆಗೆ ಖರ್ಚು ಮಾಡಬೇಕು.

ಹಂತ 1: ಟಿಕೆಟ್ ಹೇಗೆ ಹಂಚುತ್ತಾರೆ ಅಂತ ಮೊದಲು ತಿಳಿದುಕೊಳ್ಳಿ

ಟಿಕೆಟ್ ಕಡಿಮೆ ಇರುವ ಕಡೆಯೆಲ್ಲ ಒಂದೇ ಪದ್ಧತಿ ಇರುವುದಿಲ್ಲ. ಮುಖ್ಯವಾಗಿ ನಾಲ್ಕು ರೀತಿ.

ಮೊದಲು ಬಂದವರಿಗೆ ಮೊದಲು ಕೊಡುವುದು ಹಳೆಯ ಪದ್ಧತಿ. ಜನ ಜಾಸ್ತಿ ಆದರೆ ಇದು ಕೈಕೊಡುತ್ತದೆ. ಆಪಲ್‌ನ ಡೆವಲಪರ್ ಕಾನ್ಫರೆನ್ಸ್ ಆದ ಡಬ್ಲ್ಯುಡಬ್ಲ್ಯುಡಿಸಿ ಟಿಕೆಟ್ 2012ರಲ್ಲಿ ಎರಡು ಗಂಟೆಯೊಳಗೆ ಮುಗಿದಿತ್ತು. 2013ರಲ್ಲಿ ಎರಡೇ ನಿಮಿಷದ ಆಸುಪಾಸಿನಲ್ಲಿ ಖಾಲಿ. ಟಿಕೆಟ್ ಬೆಲೆ 1,599 ಡಾಲರ್ ಇದ್ದರೂ ಹೀಗೆ! ಮರುವರ್ಷ ಆಪಲ್ ಲಾಟರಿಗೆ ಬದಲಾಯಿಸಿತು.

ಲಾಟರಿ ಎರಡನೆಯದು. ಇದರಲ್ಲಿ ಮೊದಲ ನಿಮಿಷ ಅರ್ಜಿ ಹಾಕಿದರೂ ಒಂದೇ, ಕೊನೆಯ ದಿನ ಹಾಕಿದರೂ ಒಂದೇ. ಆತುರ ಬೇಡ, ಆದರೆ ಗಡುವು ಮರೆಯಬೇಡಿ. ಲಾಟರಿಯ ತೊಂದರೆ ಬೇರೆಯೇ ಇದೆ: ಫಲಿತಾಂಶ ತಡವಾಗಿ ಬರುತ್ತದೆ. ಡಬ್ಲ್ಯುಡಬ್ಲ್ಯುಡಿಸಿಯ ಸೆಷನ್‌ಗಳೆಲ್ಲ ಈಗ ಆನ್‌ಲೈನ್‌ನಲ್ಲಿ ಉಚಿತ. ಆಪಲ್‌ನ ಮುಖ್ಯ ಕಚೇರಿಯಾದ ಆಪಲ್ ಪಾರ್ಕ್‌ನಲ್ಲಿ ನಡೆಯುವ ಕಾರ್ಯಕ್ರಮಕ್ಕೆ ಮಾತ್ರ ಕೆಲವರನ್ನು ಆರಿಸುತ್ತಾರೆ. ಪ್ರವೇಶಕ್ಕೆ ದುಡ್ಡಿಲ್ಲ, ಪ್ರಯಾಣ ಮಾತ್ರ ನಿಮ್ಮ ಖರ್ಚು. ಆದರೆ ಆಯ್ಕೆಯಾದ ಸುದ್ದಿ ಬಂದಾಗ ಕಾರ್ಯಕ್ರಮಕ್ಕೆ ಉಳಿದಿರುವುದು ಸುಮಾರು ಎರಡು ತಿಂಗಳು. ಅಮೆರಿಕದ ವೀಸಾ ಇಲ್ಲದವರಿಗೆ ಅಷ್ಟರಲ್ಲಿ ಸಂದರ್ಶನದ ದಿನಾಂಕವೇ ಸಿಗದೆ ಹೋಗಬಹುದು.

ಮೂರನೆಯದು ವೋಚರ್ ಪದ್ಧತಿ. ವೋಚರ್ ಅಂದರೆ ಟಿಕೆಟ್ ಅಲ್ಲ, ಟಿಕೆಟ್ ಕೊಳ್ಳುವ ಹಕ್ಕು. ಜರ್ಮನಿಯಲ್ಲಿ ಹ್ಯಾಕರ್‌ಗಳು ಸೇರುವ ಕೇಯಾಸ್ ಕಮ್ಯುನಿಕೇಷನ್ ಕಾಂಗ್ರೆಸ್ ಇದಕ್ಕೆ ಒಳ್ಳೆಯ ಉದಾಹರಣೆ. ಡಿಸೆಂಬರ್ 27ರಿಂದ 30ರವರೆಗೆ ನಡೆಯುವ ಇದು 2023ರಿಂದ ಮತ್ತೆ ಹ್ಯಾಂಬರ್ಗ್‌ಗೆ ಬಂದಿದೆ. ಅಲ್ಲಿ ವೋಚರ್‌ಗಳು ಮೊದಲು ಹ್ಯಾಕರ್ ಗುಂಪುಗಳಿಗೆ ಹೋಗುತ್ತವೆ. ಒಬ್ಬರು ಅದನ್ನು ಬಳಸಿ ದುಡ್ಡು ಕಟ್ಟಿದ ಮೇಲೆ ಇನ್ನೊಂದು ವೋಚರ್ ಹುಟ್ಟುತ್ತದೆ, ಅದನ್ನು ಪಕ್ಕದವರಿಗೆ ದಾಟಿಸಬಹುದು. ಆಮೇಲೆ ಒಂದಷ್ಟು ಟಿಕೆಟ್‌ಗಳನ್ನು ಕಂತು ಕಂತಾಗಿ ಎಲ್ಲರಿಗೂ ಮಾರುತ್ತಾರೆ. ಇಂಥ ಕಡೆ ಮಾರಾಟದ ದಿನ ಬಟನ್ ಒತ್ತುವುದಕ್ಕಿಂತ, ವರ್ಷದ ಮಧ್ಯದಲ್ಲೇ ಒಂದು ಗುಂಪಿನ ಜೊತೆ ಕೆಲಸ ಮಾಡುತ್ತಾ ಪರಿಚಯ ಆಗುವುದೇ ಲೇಸು. ಕಾರ್ಯಕ್ರಮದ ಹಿಂದಿನ ವಾರ ಬಂದು "ವೋಚರ್ ಇದ್ಯಾ?" ಅಂತ ಕೇಳುವವರನ್ನು ಯಾರೂ ಇಷ್ಟಪಡುವುದಿಲ್ಲ.

ನಾಲ್ಕನೆಯದು ಬಾಗಿಲಲ್ಲೇ ಪ್ರವೇಶ. ಬ್ರಸೆಲ್ಸ್‌ನ ಯುಎಲ್‌ಬಿ ವಿಶ್ವವಿದ್ಯಾಲಯದಲ್ಲಿ ನಡೆಯುವ, ಮುಕ್ತ ತಂತ್ರಾಂಶದ ಕಾನ್ಫರೆನ್ಸ್ ಆದ ಫಾಸ್ಡೆಮ್‌ಗೆ ಟಿಕೆಟ್ಟೂ ಇಲ್ಲ, ನೋಂದಣಿಯೂ ಇಲ್ಲ, ಎಲ್ಲ ಉಚಿತ. ಲಾಸ್ ವೇಗಸ್‌ನ ಹ್ಯಾಕರ್ ಕಾನ್ಫರೆನ್ಸ್ ಆದ ಡೆಫ್ ಕಾನ್‌ನಲ್ಲಿ ಬಾಗಿಲಲ್ಲಿ ನಗದು ಕೊಟ್ಟು ಬ್ಯಾಡ್ಜ್ ಪಡೆಯುವ ರೂಢಿ ಬಹಳ ಕಾಲದ್ದು. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ವೀಸಾ ಬೇಕಾದವರಿಗೆ ಇಲ್ಲೊಂದು ತೊಡಕು. ಮುಂಗಡ ಟಿಕೆಟ್ ಇಲ್ಲದಿದ್ದರೆ ವೀಸಾ ಅರ್ಜಿಯಲ್ಲಿ "ಇಲ್ಲಿಗೆ ಹೋಗುತ್ತಿದ್ದೇನೆ" ಅಂತ ತೋರಿಸಲು ಕಾಗದವೇ ಇರುವುದಿಲ್ಲ. ಇನ್ನೊಂದು, ಫಾಸ್ಡೆಮ್‌ನಲ್ಲಿ ಆವರಣಕ್ಕೆ ಹೋಗುವುದು ಸುಲಭ, ಕೋಣೆಯೊಳಗೆ ಹೋಗುವುದು ಕಷ್ಟ. ಸೀಟು ತುಂಬಿದ ಕೋಣೆಯ ಬಾಗಿಲು ಮುಚ್ಚುತ್ತಾರೆ. ಬೇಕಾದ ಭಾಷಣ ಮಧ್ಯಾಹ್ನ ಇದ್ದರೆ ಅದರ ಹಿಂದಿನ ಭಾಷಣಕ್ಕೇ ಹೋಗಿ ಕೂತುಕೊಳ್ಳಿ.

ಎಚ್ಚರಿಕೆ: ಹೆಸರೇ ಕೇಳಿಲ್ಲದ "ಅಂತರರಾಷ್ಟ್ರೀಯ ಕಾನ್ಫರೆನ್ಸ್"ಗಳಿಂದ ಆಹ್ವಾನದ ಇಮೇಲ್ ಬಂದರೆ ಹಿಗ್ಗಬೇಡಿ. ಹಿಂದಿನ ವರ್ಷದ ಭಾಷಣಗಳ ವಿಡಿಯೊ ಇದೆಯಾ, ಭಾಷಣಕಾರರು ತಮ್ಮ ಪುಟಗಳಲ್ಲಿ ಅದರ ಬಗ್ಗೆ ಬರೆದಿದ್ದಾರಾ ಅಂತ ನೋಡಿ. ಎರಡೂ ಇಲ್ಲ ಅಂದರೆ ಅದು ಶುಲ್ಕ ವಸೂಲಿಯ ಅಂಗಡಿ.

ಹಂತ 2: ಕ್ಯಾಲೆಂಡರನ್ನು ಹಿಂದಿನಿಂದ ಎಣಿಸಿ

ಕಾನ್ಫರೆನ್ಸ್ ದಿನಾಂಕ ಬರೆದುಕೊಳ್ಳಿ. ಅಲ್ಲಿಂದ ಹಿಂದಕ್ಕೆ ಬನ್ನಿ.

ನಿಮ್ಮ ಪಾಸ್‌ಪೋರ್ಟ್‌ಗೆ ಆ ದೇಶದ ವೀಸಾ ಬೇಕಾ ಇಲ್ಲವಾ ಅನ್ನುವುದು ಮೊದಲ ಪ್ರಶ್ನೆ. ಬೇಡ ಅಂದರೂ ಆನ್‌ಲೈನ್ ಅನುಮತಿ ಬೇಕಾಗಬಹುದು. ಅಮೆರಿಕಕ್ಕೆ ಎಸ್ಟಾ, ಬ್ರಿಟನ್‌ಗೆ ಇಟಿಎ ಇವೆಲ್ಲ ಅಂಥವು. ವೀಸಾ ಬೇಕು ಅಂದರೆ ಇಷ್ಟು ಗಮನದಲ್ಲಿರಲಿ:

ಷೆಂಗೆನ್ ವೀಸಾ, ಅಂದರೆ ಯುರೋಪಿನ ಬಹುತೇಕ ದೇಶಗಳಿಗೆ ಸೇರಿ ಇರುವ ಒಂದೇ ವೀಸಾ. ಇದಕ್ಕೆ ಪ್ರಯಾಣಕ್ಕೆ 6 ತಿಂಗಳಿಗಿಂತ ಮೊದಲು ಅರ್ಜಿ ಹಾಕುವಂತಿಲ್ಲ, 15 ದಿನಕ್ಕಿಂತ ತಡ ಮಾಡುವಂತೆಯೂ ಇಲ್ಲ. ತೀರ್ಮಾನಕ್ಕೆ 15 ದಿನ ಅಂತ ನಿಯಮ, ಹೆಚ್ಚಿನ ಪರಿಶೀಲನೆ ಬೇಕಾದರೆ 45 ದಿನದವರೆಗೂ ಹೋಗಬಹುದು. ಈ ಲೆಕ್ಕ ಶುರುವಾಗುವುದು ಅರ್ಜಿ ಸ್ವೀಕಾರ ಆದ ಮೇಲೆ. ಅರ್ಜಿ ಕೊಡಲು ಅಪಾಯಿಂಟ್‌ಮೆಂಟ್ ಸಿಗಲು ಕಾಯುವ ದಿನಗಳು ಇದರಲ್ಲಿ ಸೇರಿಲ್ಲ. ಜನ ಎಡವುವುದೇ ಇಲ್ಲಿ. ಇನ್ನೊಂದು ವಿಷಯ, ಬ್ರಿಟನ್ ಮತ್ತು ಐರ್ಲೆಂಡ್ ಷೆಂಗೆನ್‌ನಲ್ಲಿ ಇಲ್ಲ. ಡಬ್ಲಿನ್‌ನ ಕಾನ್ಫರೆನ್ಸ್‌ಗೆ ಷೆಂಗೆನ್ ವೀಸಾ ಕೆಲಸಕ್ಕೆ ಬರುವುದಿಲ್ಲ.

ಬ್ರಿಟನ್‌ನ ವಿಸಿಟರ್ ವೀಸಾಗೆ ಪ್ರಯಾಣಕ್ಕೆ 3 ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು, ಸಾಮಾನ್ಯವಾಗಿ 3 ವಾರದಲ್ಲಿ ಉತ್ತರ ಬರುತ್ತದೆ. ಅಮೆರಿಕಕ್ಕೆ ಕಾನ್ಫರೆನ್ಸ್‌ಗೆಂದು ಹೋಗುವವರು ಹಾಕುವುದು ಬಿ-1, ಅಂದರೆ ವ್ಯವಹಾರದ ಭೇಟಿಯ ವೀಸಾ ಅರ್ಜಿ. ಅದರ ಸಂದರ್ಶನಕ್ಕೆ ಕಾಯುವ ಸಮಯ ಊರಿಂದ ಊರಿಗೆ ಬದಲಾಗುತ್ತದೆ. ಕೆಲವು ಕಡೆ ವಾರಗಳು, ಕೆಲವು ಕಡೆ ತಿಂಗಳುಗಳು. ಹಾಗಾಗಿ ಅಮೆರಿಕದ ಕಾನ್ಫರೆನ್ಸ್ ಮನಸ್ಸಿನಲ್ಲಿದ್ದರೆ ಟಿಕೆಟ್‌ಗೆ ಕಾಯದೆ, ಅದಕ್ಕೂ ಮೊದಲೇ ಸಂದರ್ಶನದ ದಿನಾಂಕ ಹಿಡಿಯುವುದು ಜಾಣತನ.

ಪಾಸ್‌ಪೋರ್ಟ್ ಕೂಡ ತೆಗೆದು ನೋಡಿ. ವಾಪಸ್ ಬರುವ ದಿನದಿಂದ ಇನ್ನೂ 6 ತಿಂಗಳಿಗಾದರೂ ಅವಧಿ ಇರಲಿ. ಷೆಂಗೆನ್‌ಗೆ 3 ತಿಂಗಳು ಸಾಕು, ಜೊತೆಗೆ ಎರಡು ಖಾಲಿ ಪುಟ ಬೇಕು, ಪಾಸ್‌ಪೋರ್ಟ್ ಕೊಟ್ಟು 10 ವರ್ಷ ದಾಟಿರಬಾರದು.

ಲೆಕ್ಕ ಹಾಕಿದ ಮೇಲೆ ದಿನ ಸಾಲುವುದಿಲ್ಲ ಅನ್ನಿಸಿದರೆ ಈ ವರ್ಷ ಬಿಡಿ. ಮುಂದಿನ ವರ್ಷಕ್ಕೆ ಈಗಲೇ ಶುರು ಮಾಡಿ. ಹಠಕ್ಕೆ ಬಿದ್ದು ಓಡುವಂಥ ವಿಷಯ ಇದಲ್ಲ, ಭಾಷಣಗಳ ವಿಡಿಯೊ ಹೇಗೂ ಬರುತ್ತವೆ.

ಹಂತ 3: ಟಿಕೆಟ್ ಕೌಂಟರ್ ಬಿಟ್ಟು ಬೇರೆ ದಾರಿಗಳನ್ನು ನೋಡಿ

ಈ ಹಂತವನ್ನು ಎಲ್ಲರೂ ಹಾರಿಸುತ್ತಾರೆ. ನನ್ನ ಪ್ರಕಾರ ಇದೇ ಅತಿ ಮುಖ್ಯ.

*ಭಾಷಣ ಕೊಡುವುದು.* ಕಾನ್ಫರೆನ್ಸ್‌ಗೆ ಆರು ತಿಂಗಳ ಆಸುಪಾಸಿನಲ್ಲಿ ಸಿಎಫ್‌ಪಿ ತೆರೆಯುತ್ತದೆ. ಸಿಎಫ್‌ಪಿ ಅಂದರೆ "ನೀವು ಏನು ಮಾತಾಡುತ್ತೀರಿ, ಬರೆದು ಕಳಿಸಿ" ಅನ್ನುವ ಕರೆ. ಪ್ರೆಟಾಲ್ಕ್ಸ್, ಸೆಷನೈಜ್ ಥರದ ತಾಣಗಳಲ್ಲಿ ಒಂದು ಫಾರ್ಮ್ ತುಂಬಿದರೆ ಮುಗಿಯಿತು, ಖರ್ಚಿಲ್ಲ. ಆಯ್ಕೆಯಾದರೆ ಹಲವು ಕಡೆ ಟಿಕೆಟ್ ಉಚಿತ, ಕೆಲವು ಕಡೆ ಪ್ರಯಾಣ, ವಸತಿಯೂ ಸಿಗುತ್ತದೆ. ಎಲ್ಲಾ ಕಡೆ ಹಾಗಿಲ್ಲ ಅನ್ನುವುದೂ ಗೊತ್ತಿರಲಿ. ಪೈಥಾನ್ ಭಾಷೆಯ ಅಮೆರಿಕದ ಕಾನ್ಫರೆನ್ಸ್ ಆದ ಪೈಕಾನ್ ಯುಎಸ್‌ನಲ್ಲಿ ಭಾಷಣ ಮಾಡುವವರೂ ನೋಂದಣಿ ಶುಲ್ಕ ಕಟ್ಟುವುದು ಹಳೆಯ ರೂಢಿ. ಕಷ್ಟ ಇರುವವರು ಪ್ರಯಾಣ ನೆರವಿಗೆ ಬೇರೆ ಅರ್ಜಿ ಹಾಕಬೇಕು.

"ನಾನೇನು ದೊಡ್ಡ ತಜ್ಞನಲ್ಲವಲ್ಲ" ಅಂತ ಹಿಂದೆ ಸರಿಯಬೇಡಿ. ಆಯ್ಕೆ ಸಮಿತಿಯವರು ದಿನಕ್ಕೆ ಹತ್ತಾರು ಪ್ರಸ್ತಾವ ಓದುತ್ತಾರೆ. "ಪೈಥಾನ್‌ನಲ್ಲಿ ಅಸಿಂಕ್ ಪ್ರೋಗ್ರಾಮಿಂಗ್: ಒಂದು ಪರಿಚಯ" ಅನ್ನುವ ಶೀರ್ಷಿಕೆ ಅವರ ಮುಂದೆ ಸಾಲುಸಾಲಾಗಿ ಬಂದಿರುತ್ತದೆ. ಅದೇ ವಿಷಯವನ್ನು "ನಮ್ಮ ಜಾಬ್ ಕ್ಯೂ ರಾತ್ರಿ ಹೊತ್ತು ಮಾತ್ರ ಯಾಕೆ ನಿಲ್ಲುತ್ತಿತ್ತು: ಅಸಿಂಕ್ ಕೋಡ್‌ನೊಳಗೆ ಅಡಗಿದ್ದ ಒಂದು ಬ್ಲಾಕಿಂಗ್ ಕರೆ" ಅಂತ ಬರೆದರೆ ಓದುವವರು ನಿಲ್ಲುತ್ತಾರೆ. ಎರಡನೆಯದರಲ್ಲಿ ನಡೆದ ಘಟನೆ ಇದೆ, ಕಾರಣ ಇದೆ, ಕೇಳುಗರು ಕೊಂಡೊಯ್ಯುವ ಪಾಠ ಇದೆ. ಪ್ರಸ್ತಾವದ ಒಳಗೆ ನಿಮಿಷದ ಲೆಕ್ಕದಲ್ಲಿ ಏನೇನು ಹೇಳುತ್ತೀರಿ ಅಂತ ನಾಲ್ಕು ಸಾಲು ಹಾಕಿ. ಕೆಲಸದ ಕಡೆಯ ಅನುಭವ ಹೇಳುವುದಾದರೆ ಕಂಪನಿಯ ಅನುಮತಿ ಮೊದಲೇ ಕೇಳಿಟ್ಟುಕೊಳ್ಳಿ. ಆಯ್ಕೆಯಾದ ಮೇಲೆ ಕೇಳಿ "ಇಲ್ಲ" ಅನ್ನಿಸಿಕೊಂಡರೆ ಮುಜುಗರ.

*ಆರ್ಥಿಕ ನೆರವು.* ಪೈಕಾನ್ ಯುಎಸ್, ಯುರೋಪೈಥಾನ್‌ಗಳಲ್ಲಿ ನೆರವಿನ ಯೋಜನೆ ಇದೆ. ಕ್ಲೌಡ್ ತಂತ್ರಾಂಶದ ಕಾನ್ಫರೆನ್ಸ್ ಆದ ಕುಬೆಕಾನ್‌ಗೆ ಹೋಗುವವರಿಗೆ ಡಾನ್ ಕೋನ್ ಹೆಸರಿನ ಸ್ಕಾಲರ್‌ಶಿಪ್ ಇದೆ. ಇವುಗಳ ಗಡುವು ಟಿಕೆಟ್ ಮುಗಿಯುವುದಕ್ಕಿಂತ ತುಂಬಾ ಮೊದಲೇ ಇರುತ್ತದೆ, ಆ ಕಾರಣಕ್ಕೇ ಹಲವರಿಗೆ ತಪ್ಪಿಹೋಗುತ್ತದೆ. ಅರ್ಜಿಯಲ್ಲಿ ಕಣ್ಣೀರು ಬೇಡ. ಎಷ್ಟು ಬೇಕು, ಯಾಕೆ ಬೇಕು, ಅಲ್ಲಿಂದ ಬಂದು ಏನು ಮಾಡುತ್ತೀರಿ ಅಂತ ನೇರವಾಗಿ ಬರೆಯಿರಿ. ವಿಮಾನದ ದರ ಹುಡುಕಿ ನೋಡಿ ಅಂದಾಜು ಕೊಡಿ. ಸುಮ್ನೆ ದುಂಡು ಮೊತ್ತ ಹಾಕಿದರೆ ಗೊತ್ತಾಗುತ್ತದೆ.

*ಸ್ವಯಂಸೇವೆ.* ನೋಂದಣಿ ಮೇಜು, ಕೋಣೆಯ ಮೈಕು, ವಿಡಿಯೊ ಕ್ಯಾಮೆರಾ ನೋಡಿಕೊಳ್ಳಲು ಜನ ಬೇಕೇ ಬೇಕು. ಕೆಲವು ಕಾನ್ಫರೆನ್ಸ್‌ಗಳು ಅವರಿಗೆ ಪ್ರವೇಶ ಉಚಿತ ಕೊಡುತ್ತವೆ. ಎಲ್ಲವೂ ಅಲ್ಲ. ಕೇಯಾಸ್ ಕಾಂಗ್ರೆಸ್‌ನಲ್ಲಿ ಏಂಜೆಲ್ ಅಂತ ಕರೆಸಿಕೊಳ್ಳುವ ಸ್ವಯಂಸೇವಕರೂ ಟಿಕೆಟ್ ಕೊಂಡೇ ಬರುತ್ತಾರೆ. ಇನ್ನು ವೀಸಾ ಮೇಲೆ ಹೋಗುವವರು ಸ್ವಯಂಸೇವೆ ಒಪ್ಪಿಕೊಳ್ಳುವ ಮೊದಲು ಆ ದೇಶದಲ್ಲಿ ಸಂದರ್ಶಕರಿಗೆ ಅದಕ್ಕೆ ಅವಕಾಶ ಇದೆಯಾ ಅಂತ ವಿಚಾರಿಸಿ. ಪ್ರತಿಫಲವಾಗಿ ಏನಾದರೂ ಸಿಕ್ಕರೆ ಅದನ್ನು ಕೆಲಸ ಅಂತ ಲೆಕ್ಕ ಹಿಡಿಯುವ ದೇಶಗಳಿವೆ.

*ಪ್ರಾಯೋಜಕ ಕಂಪನಿಗಳು.* ಪ್ರಾಯೋಜಕರಿಗೆ ಒಂದಷ್ಟು ಟಿಕೆಟ್ ಕೊಟ್ಟಿರುತ್ತಾರೆ, ಎಲ್ಲವೂ ಖರ್ಚಾಗುವುದಿಲ್ಲ. ನಿಮ್ಮ ಕಂಪನಿಯೇ ಪ್ರಾಯೋಜಕ ಆಗಿರಬಹುದು, ಮಾರ್ಕೆಟಿಂಗ್ ವಿಭಾಗದವರನ್ನು ಒಮ್ಮೆ ಕೇಳಿ.

ಹಂತ 4: ಮಾರಾಟದ ದಿನ

ಸಮಯದಿಂದ ಶುರು ಮಾಡೋಣ. "ಬೆಳಗ್ಗೆ 10ಕ್ಕೆ" ಅಂತ ಹಾಕಿರುತ್ತಾರೆ, ಯಾವ ಊರಿನ ಹತ್ತು ಗಂಟೆ ಅಂತ ಸರಿಯಾಗಿ ನೋಡಿ. ಸುರಕ್ಷಿತ ದಾರಿ ಅಂದರೆ ಯುಟಿಸಿಗೆ ಬದಲಾಯಿಸುವುದು. ಯುಟಿಸಿ ಅಂದರೆ ಲೋಕಕ್ಕೆಲ್ಲ ಒಂದೇ ಆದ ಸಮಯ, ಬೇಸಿಗೆ ಚಳಿಗಾಲಕ್ಕೆ ಬದಲಾಗದು. ಕ್ಯಾಲಿಫೋರ್ನಿಯಾದ ಬೆಳಗಿನ 10 ಗಂಟೆ ಬೇಸಿಗೆಯಲ್ಲಿ ಯುಟಿಸಿ 17:00, ಚಳಿಗಾಲದಲ್ಲಿ 18:00. ಬರ್ಲಿನ್‌ನ 10 ಗಂಟೆ ಬೇಸಿಗೆಯಲ್ಲಿ ಯುಟಿಸಿ 8:00, ಚಳಿಗಾಲದಲ್ಲಿ 9:00. ಬೇಸಿಗೆಗೆಂದು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದು ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ, ಯುರೋಪಿನಲ್ಲಿ ಮಾರ್ಚ್‌ನ ಕೊನೆಯ ಭಾನುವಾರ. ನಡುವಿನ ಆ ಎರಡು ಮೂರು ವಾರ ನೀವು ಬಾಯಿಪಾಠ ಮಾಡಿಕೊಂಡ ವ್ಯತ್ಯಾಸ ತಪ್ಪಿರುತ್ತದೆ. ಸಂಕ್ಷಿಪ್ತ ಹೆಸರುಗಳನ್ನೂ ನಂಬಬೇಡಿ. ಐಎಸ್‌ಟಿ ಅಂತ ಬರೆದಿದ್ದರೆ ಅದು ಭಾರತದ ಸಮಯವೂ ಆಗಬಹುದು, ಐರ್ಲೆಂಡ್ ಅಥವಾ ಇಸ್ರೇಲ್‌ನದೂ ಆಗಬಹುದು.

ಮುನ್ನಾ ದಿನ ಮಾಡಬೇಕಾದ ಕೆಲಸಗಳು:

1. ಟಿಕೆಟ್ ತಾಣದಲ್ಲಿ ಖಾತೆ ಬೇಕಾದರೆ ತೆರೆದು, ಇಮೇಲ್ ಖಚಿತಪಡಿಸಿ, ಒಮ್ಮೆ ಲಾಗಿನ್ ಆಗಿ ನೋಡಿ.
2. ಕಾರ್ಡ್‌ನಲ್ಲಿ ವಿದೇಶಿ ಆನ್‌ಲೈನ್ ಪಾವತಿ ಆನ್ ಇದೆಯಾ, ಮಿತಿ ಸಾಕಾ ಅಂತ ಬ್ಯಾಂಕಿನ ಆ್ಯಪ್‌ನಲ್ಲಿ ನೋಡಿ. ತೆರಿಗೆ, ವಿನಿಮಯ ದರ ಸೇರಿದರೆ ಮೊತ್ತ ಅಂದುಕೊಂಡದ್ದಕ್ಕಿಂತ ಜಾಸ್ತಿ ಆಗುತ್ತದೆ. ಮಿತಿಯನ್ನು ಸ್ವಲ್ಪ ಸಡಿಲವಾಗಿ ಇಡಿ.
3. ಒಟಿಪಿ ಬರುವ ಫೋನ್ ಕೈಯಲ್ಲಿರಲಿ. ಬೇರೆ ಬ್ಯಾಂಕಿನ ಇನ್ನೊಂದು ಕಾರ್ಡ್ ಪಕ್ಕದಲ್ಲಿರಲಿ.
4. ಹೆಸರು, ವಿಳಾಸ, ಕಂಪನಿ ಬಿಲ್ಲಿಗೆ ಬೇಕಾದ ವಿವರ ಎಲ್ಲವನ್ನೂ ಒಂದು ಫೈಲಿನಲ್ಲಿ ಬರೆದಿಡಿ, ಅಲ್ಲಿಂದ ಕಾಪಿ ಮಾಡಿದರಾಯಿತು.
5. ಯಾವ ಬಗೆಯ ಟಿಕೆಟ್ ಅಂತ ಮೊದಲೇ ತೀರ್ಮಾನಿಸಿ. ವಿದ್ಯಾರ್ಥಿ, ಸ್ವಂತ ಖರ್ಚು, ಕಂಪನಿ ಅಂತ ಬೇರೆ ಬೇರೆ ದರ ಇರುತ್ತದೆ. ಕಂಪನಿ ದುಡ್ಡಿನಲ್ಲಿ ಹೋಗುತ್ತಾ ಸ್ವಂತ ಖರ್ಚಿನ ಟಿಕೆಟ್ ಕೊಂಡರೆ ಬಾಗಿಲಲ್ಲಿ ವ್ಯತ್ಯಾಸ ಕಟ್ಟಿಸಬಹುದು.

ಹೆಸರಿನ ಬಗ್ಗೆ ಒಂದು ಮಾತು. ಟಿಕೆಟ್‌ನಲ್ಲಿ ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಬರೆಯಿರಿ. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದು, ಫಾರ್ಮ್ ಎರಡು ಕೇಳಿದರೆ ಸರ್‌ನೇಮ್ ಒಂದನ್ನು ಹೊಸದಾಗಿ ಹುಟ್ಟಿಸಬೇಡಿ. ಸದ್ಯಕ್ಕೆ ಅದೇ ಹೆಸರನ್ನು ಎರಡೂ ಕಡೆ ಹಾಕಿ ಕೊಂಡು, ಆಮೇಲೆ ಆಯೋಜಕರಿಗೆ ಬರೆದು ಸರಿ ಮಾಡಿಸಿ. ಬ್ಯಾಡ್ಜ್ ಮೇಲೆ ಯಾವ ಹೆಸರು ಬೇಕು ಅಂತ ಬಹಳ ಕಡೆ ಬೇರೆಯಾಗಿ ಕೇಳುತ್ತಾರೆ, ಅಡ್ಡನಾಮ, ಕರೆಯುವ ಹೆಸರು ಎಲ್ಲಾ ಅಲ್ಲಿಗೆ.

ಮಾರಾಟ ಶುರುವಾಗುವ ಹೊತ್ತಿಗೆ ಕೆಲವು ತಾಣಗಳು ಕಾಯುವ ಕೋಣೆ ಇಟ್ಟಿರುತ್ತವೆ. ಪರದೆ ಮೇಲೆ ಒಂದು ಪಟ್ಟಿ ನಿಧಾನವಾಗಿ ತುಂಬುತ್ತಾ, ನಿಮ್ಮ ಮುಂದೆ ಎಷ್ಟು ಜನ ಇದ್ದಾರೆ ಅಂತ ತೋರಿಸುತ್ತದೆ. ಇಂಥ ವ್ಯವಸ್ಥೆಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೆ: ಸಮಯಕ್ಕೆ ಮೊದಲು ಬಂದು ಕಾದವರಿಗೆಲ್ಲ ಮಾರಾಟ ತೆರೆದ ಕ್ಷಣ ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದ ಹಾಗೆ, ಸರದಿ ಸಂಖ್ಯೆ ಹಂಚುತ್ತಾರೆ. ಆಮೇಲೆ ಬಂದವರು ಸಾಲಿನ ಕೊನೆಗೆ. ಹಾಗಾಗಿ ಒಂದು ಗಂಟೆ ಮೊದಲು ಹೋಗುವುದರಿಂದ ಲಾಭ ಇಲ್ಲ, ಒಂದು ನಿಮಿಷ ತಡವಾದರೆ ನಷ್ಟ ಖಂಡಿತ. ಹತ್ತು ನಿಮಿಷ ಮೊದಲು ಹೋಗಿ ಕೂತುಕೊಳ್ಳಿ. ಕಾಯುವಾಗ ರಿಫ್ರೆಶ್ ಒತ್ತಬೇಡಿ. ಕಾಯುವ ಕೋಣೆ ಇಲ್ಲದ, ಸಾದಾ ಪುಟದಲ್ಲಿ ಮಾರುವ ಕಡೆ ಮಾತ್ರ ಸಮಯಕ್ಕೆ ಸರಿಯಾಗಿ ರಿಫ್ರೆಶ್ ಮಾಡಬೇಕು.

ಪ್ರೋಗ್ರಾಮರ್‌ಗಳಲ್ಲವೇ, ಸ್ಕ್ರಿಪ್ಟ್ ಬರೆದು ಕೊಂಡುಬಿಡೋಣ ಅನ್ನಿಸುತ್ತದೆ. ಬೇಡ. ಟಿಕೆಟ್ ತಾಣಗಳು ಒಂದೇ ಕಡೆಯಿಂದ ಬರುವ ಸರಣಿ ಕರೆಗಳನ್ನು ತಡೆಯುತ್ತವೆ, ಆಮೇಲೆ ನಿಮ್ಮ ಬ್ರೌಸರ್‌ನಿಂದಲೂ ಪುಟ ತೆರೆಯದೆ ಹೋಗಬಹುದು.

ಟಿಕೆಟ್ ಕಾರ್ಟ್‌ಗೆ ಬಿದ್ದ ಮೇಲೆ ಉಸಿರು ಬಿಡಿ. ಅದು ಸಾಮಾನ್ಯವಾಗಿ ಸ್ವಲ್ಪ ಹೊತ್ತು ನಿಮ್ಮ ಹೆಸರಿನಲ್ಲೇ ಇರುತ್ತದೆ, ಎಷ್ಟು ನಿಮಿಷ ಅಂತ ಪುಟದಲ್ಲೇ ಬರೆದಿರುತ್ತದೆ. ಪಾವತಿ ವಿಫಲವಾದರೆ ಟ್ಯಾಬ್ ಮುಚ್ಚಬೇಡಿ. ಅದೇ ಕಾರ್ಟ್‌ನಿಂದ ಇನ್ನೊಂದು ಕಾರ್ಡ್ ಹಾಕಿ ನೋಡಿ.

ಬ್ಯಾಂಕ್ ವರ್ಗಾವಣೆಯಲ್ಲಿ ದುಡ್ಡು ಕಟ್ಟುವ ಆಯ್ಕೆ ಯುರೋಪಿನಲ್ಲಿ ತುಂಬಾ ಕಡೆ ಇದೆ. ಯುರೋಪಿನ ಹೊರಗಿನಿಂದ ಕಟ್ಟುವವರು ಇದರಿಂದ ದೂರ ಇರುವುದೇ ಒಳ್ಳೆಯದು. ದುಡ್ಡು ತಲುಪಲು ದಿನಗಳಾಗುತ್ತವೆ, ನಡುವಿನ ಬ್ಯಾಂಕುಗಳು ಶುಲ್ಕ ಮುರಿದುಕೊಳ್ಳುತ್ತವೆ, ಕೆಲವೇ ಯುರೋ ಕಡಿಮೆ ತಲುಪಿದರೂ ಆರ್ಡರ್ ಪೂರ್ತಿ ಆಗುವುದಿಲ್ಲ. ಬೇರೆ ದಾರಿ ಇಲ್ಲದಿದ್ದರೆ, ಎಲ್ಲ ಶುಲ್ಕವನ್ನೂ ಕಳಿಸುವವರೇ ಕೊಡುವ ಆಯ್ಕೆ ಆರಿಸಿ. ಬ್ಯಾಂಕಿನ ಫಾರ್ಮ್‌ನಲ್ಲಿ ಇದಕ್ಕೆ "ಅವರ್" ಅನ್ನುವ ಗುರುತು ಇರುತ್ತದೆ. ಆರ್ಡರ್ ಸಂಖ್ಯೆಯನ್ನು ಟಿಪ್ಪಣಿಯಲ್ಲಿ ಮರೆಯದೆ ಹಾಕಿ.

ಹಂತ 5: ಸಿಗಲಿಲ್ಲವಾ? ಇನ್ನೂ ಮುಗಿದಿಲ್ಲ

ವೇಟಿಂಗ್ ಲಿಸ್ಟ್‌ಗೆ ಆ ದಿನವೇ ಹೆಸರು ಹಾಕಿ. ಬರಲಾಗದವರು, ವೀಸಾ ಸಿಗದವರು, ದುಡ್ಡು ಕಟ್ಟದೆ ಬಿಟ್ಟವರ ಟಿಕೆಟ್ ಎಲ್ಲಾ ಅಲ್ಲಿಗೇ ಬರುತ್ತವೆ. ನಿಮ್ಮ ಸರದಿ ಬಂದಾಗ ಕಳಿಸುವ ಲಿಂಕ್ ಒಂದೆರಡು ದಿನಕ್ಕೆ ಮಾತ್ರ ಚಾಲ್ತಿಯಲ್ಲಿರುತ್ತದೆ, ಆ ಇಮೇಲ್ ಸ್ಪ್ಯಾಮ್‌ಗೆ ಬೀಳುವುದು ಮಾಮೂಲು.

ಕೆಲವು ಕಾನ್ಫರೆನ್ಸ್‌ಗಳಲ್ಲಿ ಮುಖ್ಯ ದಿನಗಳ ಟಿಕೆಟ್ ಖಾಲಿಯಾದರೂ ವರ್ಕ್‌ಶಾಪ್ ಜೊತೆ ಸೇರಿದ ದುಬಾರಿ ಟಿಕೆಟ್ ಉಳಿದಿರುತ್ತದೆ. ದುಡ್ಡು ಕಂಪನಿಯದಾದರೆ ಅದನ್ನು ನೋಡಬಹುದು.

ಬೇರೆಯವರಿಂದ ಕೊಳ್ಳುವಾಗ ಎರಡು ಪ್ರಶ್ನೆ. ಹೆಸರು ಬದಲಾವಣೆಗೆ ಆಯೋಜಕರು ಒಪ್ಪುತ್ತಾರಾ? ಆ ಬದಲಾವಣೆ ಅವರ ತಾಣದಲ್ಲೇ ಆಗುತ್ತದಾ? ಎರಡಕ್ಕೂ ಹೌದು ಅಂದರೆ ಮಾತ್ರ ಮುಂದುವರಿಯಿರಿ, ಅದೂ ಮುಖಬೆಲೆಗೆ. ಕ್ಯೂಆರ್ ಕೋಡ್‌ನ ಚಿತ್ರ ಕಳಿಸಿ "ಇದನ್ನೇ ತೋರಿಸಿ ಸಾಕು" ಅನ್ನುವವರಿಂದ ಕೊಳ್ಳಬೇಡಿ. ಒಂದೇ ಚಿತ್ರವನ್ನು ಹತ್ತು ಜನರಿಗೆ ಮಾರಬಹುದು, ಬಾಗಿಲಲ್ಲಿ ಮೊದಲು ಸ್ಕ್ಯಾನ್ ಆದವರಿಗೆ ಮಾತ್ರ ಪ್ರವೇಶ.

ಹಂತ 6: ಆಹ್ವಾನ ಪತ್ರ, ವೀಸಾ ಅರ್ಜಿ

ಟಿಕೆಟ್ ಸಿಕ್ಕ ದಿನವೇ ಆಯೋಜಕರಿಗೆ ವೀಸಾ ಪತ್ರಕ್ಕೆ ಬರೆಯಿರಿ. ದುಡ್ಡು ಕಟ್ಟಿದವರಿಗೆ ಮಾತ್ರ ಈ ಪತ್ರ ಕೊಡುವುದು ಬಹುತೇಕ ಕಡೆ ರೂಢಿ. ಪತ್ರದಲ್ಲಿ ಪಾಸ್‌ಪೋರ್ಟ್‌ನಲ್ಲಿರುವ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಕಾರ್ಯಕ್ರಮದ ದಿನಾಂಕ, ಸ್ಥಳ, ಖರ್ಚು ಯಾರದು ಅನ್ನುವುದು ಇರಬೇಕು. ಸಣ್ಣ ಕಾನ್ಫರೆನ್ಸ್‌ಗಳನ್ನು ನಡೆಸುವವರು ಸ್ವಯಂಸೇವಕರು, ಅವರಿಗೆ ಈ ವಿವರಗಳನ್ನೆಲ್ಲ ಒಂದೇ ಇಮೇಲ್‌ನಲ್ಲಿ ಕೊಟ್ಟರೆ ಪತ್ರ ಬೇಗ ಬರುತ್ತದೆ. ವೀಸಾ ನಿರಾಕರಣೆ ಆದರೆ ಟಿಕೆಟ್ ದುಡ್ಡು ವಾಪಸ್ ಬರುತ್ತದಾ, ಯಾವ ದಿನಾಂಕದೊಳಗೆ ಕೇಳಬೇಕು ಅಂತಲೂ ಇದೇ ಇಮೇಲ್‌ನಲ್ಲಿ ಕೇಳಿಬಿಡಿ. ನಿರಾಕರಣೆ ಪತ್ರ ತೋರಿಸಿದರೆ ಕೊಡುವವರಿದ್ದಾರೆ, ಹೆಸರು ಬದಲಾವಣೆಗೆ ಮಾತ್ರ ಒಪ್ಪುವವರೂ ಇದ್ದಾರೆ.

ಆಹ್ವಾನ ಪತ್ರ ಇದ್ದರೆ ವೀಸಾ ಖಾತ್ರಿ ಅನ್ನುವುದು ದೊಡ್ಡ ತಪ್ಪು ಕಲ್ಪನೆ. ಅಧಿಕಾರಿ ನೋಡುವುದು ಮೂರು ವಿಷಯ: ಯಾಕೆ ಹೋಗುತ್ತಿದ್ದೀರಿ, ಖರ್ಚು ಹೇಗೆ, ವಾಪಸ್ ಬರುತ್ತೀರಾ. ಪತ್ರ ಉತ್ತರಿಸುವುದು ಮೊದಲನೆಯದಕ್ಕೆ ಮಾತ್ರ. ಎರಡನೆಯದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್, ಮೂರನೆಯದಕ್ಕೆ ಕೆಲಸದ ಕಡೆಯ ರಜೆ ಪತ್ರ ಅಥವಾ ಕಾಲೇಜಿನ ಪತ್ರ ಬೇಕು. ಅರ್ಜಿ ಹಾಕುವ ಹಿಂದಿನ ವಾರ ಖಾತೆಗೆ ಇದ್ದಕ್ಕಿದ್ದಂತೆ ದೊಡ್ಡ ಮೊತ್ತ ಬಂದಿದ್ದರೆ ಪ್ರಶ್ನೆ ಬರುತ್ತದೆ. ಎಲ್ಲಿಂದ ಬಂತು ಅನ್ನುವ ದಾಖಲೆ ಇಟ್ಟುಕೊಳ್ಳಿ.

ಷೆಂಗೆನ್‌ಗೆ ಪ್ರಯಾಣ ವಿಮೆ ಕಡ್ಡಾಯ, ಕನಿಷ್ಠ 30,000 ಯುರೋ ವೈದ್ಯಕೀಯ ರಕ್ಷಣೆ ಇರಬೇಕು. ವಯಸ್ಕರಿಗೆ ಅರ್ಜಿ ಶುಲ್ಕ 2024ರ ಜೂನ್‌ನಿಂದ 90 ಯುರೋ. ನಿರಾಕರಣೆ ಆದರೂ ಇದು ವಾಪಸ್ ಇಲ್ಲ. ಕಾನ್ಫರೆನ್ಸ್ ಮುಗಿಸಿ ಪಕ್ಕದ ದೇಶಗಳನ್ನೂ ಸುತ್ತುವ ಆಸೆ ಇದ್ದರೆ, ಪ್ರವಾಸದ ಮುಖ್ಯ ಉದ್ದೇಶ ಯಾವ ದೇಶದಲ್ಲಿದೆಯೋ ಅಲ್ಲಿಗೆ ಅರ್ಜಿ ಹಾಕಬೇಕು. ಅಪಾಯಿಂಟ್‌ಮೆಂಟ್ ಬೇಗ ಸಿಗುತ್ತದೆ ಅಂತ ಇನ್ನೊಂದು ದೇಶಕ್ಕೆ ಹಾಕಬೇಡಿ. ಕಾನ್ಫರೆನ್ಸ್ ಪತ್ರ ಒಂದು ದೇಶದ್ದು, ಅರ್ಜಿ ಇನ್ನೊಂದಕ್ಕೆ ಅಂದರೆ ನಿರಾಕರಣೆಗೆ ನೀವೇ ಕಾರಣ ಒದಗಿಸಿದಂತೆ.

ಅಮೆರಿಕದ ಸಂದರ್ಶನ ಬಹಳ ಸಲ ಒಂದೆರಡು ನಿಮಿಷದ್ದು. ಯಾಕೆ ಹೋಗುತ್ತಿದ್ದೀರಿ ಅಂತ ಕೇಳಿದರೆ ಇಷ್ಟೇ ಸಾಕು: "ನಾನು ಬ್ಯಾಕೆಂಡ್ ಎಂಜಿನಿಯರ್. ಮೇ ತಿಂಗಳಲ್ಲಿ ಪೈಥಾನ್ ಡೆವಲಪರ್‌ಗಳ ಕಾನ್ಫರೆನ್ಸ್ ಇದೆ, ಒಂದು ವಾರ ಇದ್ದು ಬರುತ್ತೇನೆ, ಖರ್ಚು ಕಂಪನಿಯದು." ತಂತ್ರಜ್ಞಾನದ ಪಾಠ ಶುರು ಮಾಡಬೇಡಿ. ಭಾಷಣಕ್ಕೆ ಗೌರವಧನ ಸಿಗುವುದಿದ್ದರೆ, ಆ ವೀಸಾದಲ್ಲಿ ಅದನ್ನು ತೆಗೆದುಕೊಳ್ಳಬಹುದಾ ಅಂತ ಮೊದಲೇ ಆಯೋಜಕರನ್ನು ಕೇಳಿ.

ಹಂತ 7: ವಿಮಾನ, ವಸತಿ

ವೀಸಾ ಬಂದ ಮೇಲೆ ವಿಮಾನದ ಟಿಕೆಟ್. ಅದಕ್ಕೂ ಮೊದಲು ತೋರಿಸಲು ಬುಕಿಂಗ್ ಬೇಕಾದರೆ, ಹಣ ವಾಪಸ್ ಬರುವ ದರದಲ್ಲಿ ಅಥವಾ ಕೆಲವು ದಿನ ಕಾಯ್ದಿರಿಸುವ ಸೌಲಭ್ಯದಲ್ಲಿ ಮಾಡಿ. ಹೋಟೆಲ್‌ಗೂ ಉಚಿತ ರದ್ದತಿ ಇರುವ ದರ ಆರಿಸಿ, ಇದನ್ನು ಮಾತ್ರ ಟಿಕೆಟ್ ಸಿಕ್ಕ ದಿನವೇ ಮಾಡಿಬಿಡಿ. ದೊಡ್ಡ ಕಾನ್ಫರೆನ್ಸ್ ಇರುವ ವಾರ ಸುತ್ತಮುತ್ತಲಿನ ಕೋಣೆಗಳು ಬೇಗ ತುಂಬುತ್ತವೆ. ದಾರಿಯಲ್ಲಿ ವಿಮಾನ ಬದಲಿಸುವ ದೇಶಕ್ಕೆ ಟ್ರಾನ್ಸಿಟ್ ವೀಸಾ ಬೇಕಾ ಅಂತಲೂ ನೋಡಿ. ಅಮೆರಿಕದಲ್ಲಿ ವಿಮಾನ ಬದಲಿಸುವುದಕ್ಕೂ ವೀಸಾ ಅಥವಾ ಎಸ್ಟಾ ಬೇಕು.

ಎಚ್ಚರಿಕೆ: "ನಾವು ಕಾನ್ಫರೆನ್ಸ್‌ನ ಅಧಿಕೃತ ವಸತಿ ಪಾಲುದಾರರು, ಕೋಣೆಗಳು ಮುಗಿಯುತ್ತಿವೆ" ಅಂತ ಕರೆ ಅಥವಾ ಇಮೇಲ್ ಬರುತ್ತದೆ. ಭಾಷಣಕಾರರ ಹೆಸರು ಪ್ರಕಟವಾದ ಕೂಡಲೇ ಇದು ಶುರು. ಕಾನ್ಫರೆನ್ಸ್‌ನ ಸ್ವಂತ ತಾಣದಲ್ಲಿ ಇಲ್ಲದ ಯಾವ ಲಿಂಕಿಗೂ ಕಾರ್ಡ್ ವಿವರ ಕೊಡಬೇಡಿ.

ಹಂತ 8: ಬ್ಯಾಗು

ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, 100 ವ್ಯಾಟ್-ಅವರ್ ಒಳಗಿರಬೇಕು. 20,000 ಎಂಎಎಚ್‌ನದು ಸುಮಾರು 74 ವ್ಯಾಟ್-ಅವರ್, ತೊಂದರೆ ಇಲ್ಲ. ಲ್ಯಾಪ್‌ಟಾಪ್ ಚಾರ್ಜರ್‌ಗಳು ಹೆಚ್ಚಾಗಿ 100ರಿಂದ 240 ವೋಲ್ಟ್‌ವರೆಗೆ ತಡೆಯುತ್ತವೆ, ಹಾಗಾಗಿ ಪ್ಲಗ್ ಅಡಾಪ್ಟರ್ ಸಾಕು. ಬ್ಯಾಂಕಿನ ಒಟಿಪಿ ಬರುವ ಸಿಮ್ ವಿದೇಶದಲ್ಲೂ ಎಸ್‌ಎಂಎಸ್ ಪಡೆಯುವಂತೆ ರೋಮಿಂಗ್ ಹಾಕಿಸಿಕೊಳ್ಳಿ, ಡೇಟಾಗೆ ಬೇರೆ ಇ-ಸಿಮ್ ಇರಲಿ. ಆಹ್ವಾನ ಪತ್ರ, ಹೋಟೆಲ್ ಬುಕಿಂಗ್, ವಾಪಸ್ ಟಿಕೆಟ್ ಮೂರನ್ನೂ ಕಾಗದದಲ್ಲಿ ಮುದ್ರಿಸಿ ಇಟ್ಟುಕೊಳ್ಳಿ. ಗಡಿಯಲ್ಲಿ ಕೇಳಿದಾಗ ಫೋನಿನಲ್ಲಿ ಹುಡುಕುತ್ತಾ ನಿಲ್ಲುವುದು ಬೇಡ.

ಹಂತ 9: ಅಲ್ಲಿಗೆ ಹೋದ ಮೇಲೆ

ಎಲ್ಲಾ ಭಾಷಣಕ್ಕೂ ಓಡಬೇಡಿ. ಬಹುತೇಕ ಕಡೆ ಅವನ್ನು ರೆಕಾರ್ಡ್ ಮಾಡಿ ಆಮೇಲೆ ಹಾಕುತ್ತಾರೆ. ರೆಕಾರ್ಡ್ ಆಗದ್ದು ಹೊರಗಿನ ಮಾತುಕತೆ, ಅದಕ್ಕೆ ಹಾಲ್‌ವೇ ಟ್ರ್ಯಾಕ್ ಅಂತಲೇ ಹೆಸರಿದೆ. ನೀವು ದಿನಾ ಬಳಸುವ ಕೋಡ್ ಲೈಬ್ರರಿ ಬರೆದವರು ಅಲ್ಲೇ ನಿಂತು ಕಾಫಿ ಕುಡಿಯುತ್ತಿರುತ್ತಾರೆ. ಸುಮ್ನೆ "ನಿಮ್ಮ ಅಭಿಮಾನಿ" ಅನ್ನುವ ಬದಲು "ನಿಮ್ಮ ಲೈಬ್ರರಿಯಲ್ಲಿ ಈ ಕೆಲಸ ಹೀಗೆ ಮಾಡುತ್ತಿದ್ದೇವೆ, ಇಲ್ಲಿ ಸಿಕ್ಕಿಕೊಂಡಿದ್ದೇವೆ" ಅನ್ನಿ, ಮಾತು ತಾನಾಗಿ ಬೆಳೆಯುತ್ತದೆ.

ಪೈಕಾನ್ ಯುಎಸ್, ಯುರೋಪೈಥಾನ್‌ನಂಥ ಕಡೆ ಮುಖ್ಯ ಕಾರ್ಯಕ್ರಮದ ನಂತರ ಸ್ಪ್ರಿಂಟ್ ಇರುತ್ತದೆ. ಸ್ಪ್ರಿಂಟ್ ಅಂದರೆ ಒಂದೇ ಮೇಜಿನ ಸುತ್ತ ಕೂತು ಮುಕ್ತ ತಂತ್ರಾಂಶದ ಕೋಡ್ ಬರೆಯುವುದು. ಮೊದಲ ಸಲ ಬಂದವರನ್ನು ಕೈಹಿಡಿದು ಕೂರಿಸಿಕೊಳ್ಳುತ್ತಾರೆ. ವಾಪಸ್ ವಿಮಾನವನ್ನು ಮುಖ್ಯ ದಿನದ ಸಂಜೆಗೇ ಹಾಕಿಕೊಂಡು ಇದನ್ನು ತಪ್ಪಿಸಿಕೊಳ್ಳುವವರೇ ಜಾಸ್ತಿ. ವೀಸಾ ಅರ್ಜಿಯಲ್ಲಿ ದಿನಾಂಕ ಬರೆಯುವಾಗಲೇ ಈ ದಿನಗಳನ್ನೂ ಸೇರಿಸಿ.

ಫೋಟೊ ತೆಗೆಯುವ ಮೊದಲು ಎದುರಿನವರ ಕೊರಳ ಪಟ್ಟಿ ನೋಡಿ. ಕೆಲವು ಕಡೆ "ನನ್ನ ಫೋಟೊ ಬೇಡ" ಅನ್ನುವವರಿಗೆ ಬೇರೆ ಬಣ್ಣದ್ದು ಕೊಟ್ಟಿರುತ್ತಾರೆ.

ನೆರವು ಪಡೆದು ಹೋದವರಿಗೆ ಒಂದು ಕೆಲಸ ಉಳಿದಿರುತ್ತದೆ. ಹಲವು ಕಡೆ ದುಡ್ಡು ಕೊಡುವುದು ಕಾರ್ಯಕ್ರಮ ಮುಗಿದ ಮೇಲೆ, ಅದೂ ರಸೀದಿ ಕೊಟ್ಟವರಿಗೆ. ಬೋರ್ಡಿಂಗ್ ಪಾಸ್, ಹೋಟೆಲ್ ಬಿಲ್, ರೈಲು ಟಿಕೆಟ್ ಎಲ್ಲದರ ಫೋಟೊವನ್ನು ಅಂದಂದೇ ತೆಗೆದಿಡಿ. ಬಿಲ್ ನಿಮ್ಮ ಹೆಸರಿನಲ್ಲೇ ಇರಬೇಕು. ಇಬ್ಬರು ಒಂದೇ ಕೋಣೆ ಹಂಚಿಕೊಂಡಿದ್ದರೆ ಹೋಟೆಲ್‌ನಿಂದ ಹೊರಡುವ ಮುನ್ನವೇ ಬಿಲ್ಲನ್ನು ಎರಡಾಗಿ ಮಾಡಿಸಿಕೊಳ್ಳಿ, ಊರಿಗೆ ಬಂದ ಮೇಲೆ ಇಮೇಲ್‌ನಲ್ಲಿ ಅದನ್ನು ಮಾಡಿಸುವುದು ಭಾರೀ ತಲೆನೋವು. ಅರ್ಜಿ ಕಳಿಸುವ ಗಡುವು ಕೆಲವು ಕಡೆ ವಾಪಸ್ ಬಂದ ಕೆಲವೇ ವಾರಕ್ಕೆ ಮುಗಿಯುತ್ತದೆ, ಆ ದಿನಾಂಕವನ್ನು ಹೊರಡುವ ಮೊದಲೇ ಕ್ಯಾಲೆಂಡರ್‌ಗೆ ಹಾಕಿಡಿ.